ಕೈ ಕೇಳುವ ಹಾಡು

ಮೊದಲು ಒಂದು ಒಗಟು. ಪ್ರಶ್ನೆ ಒಂದೇ ಅಕ್ಷರ. ಕೇಳುವವನು ಸತ್ತು ವರ್ಷವಾಗಿದೆ. ಉತ್ತರ ಹೇಳದಿದ್ದರೆ ರಕ್ತ. ಏನು ಹೇಳಿ?... ತಲೆ ಕೆರೆದುಕೊಳ್ಳಬೇಡಿ, ಇರೋ ನಾಲ್ಕು ಕೂದಲೂ ಉದುರಿಯಾವು. ನಾನೇ ಹೇಳ್ತೇನೆ.

ನನ್ನ ದೊಡ್ಡಪ್ಪನ ಮಗ ತಗಡು ಒತ್ತುವ ಕಾರ್ಖಾನೆಯಲ್ಲಿದ್ದಾನೆ. ಬಿಡುವಾದಾಗ ಲ್ಯಾಪ್‌ಟಾಪಿನಲ್ಲಿ ಹಾಡು ಮಾಡ್ತಾನೆ. ಹಾಡು ಅಂದರೆ ರಾಗ ಗೀಗ ಏನಿಲ್ಲ. ಮೆಷಿನ್ ಸದ್ದು, ಕತ್ತಲು, ಕುಣಿತ. ದೊಡ್ಡಮ್ಮನ ಪ್ರಕಾರ ಅಟ್ಟದಿಂದ ಪಾತ್ರೆ ಬಿದ್ದ ಹಾಗೆ. ಇಂಥದ್ದೇ ಹುಚ್ಚು ಹಿಡಿದ ಹತ್ತಾರು ಜನರ ಹಾಡು ಸೇರಿಸಿ ಒಂದು ಆಲ್ಬಂ ಬರುವುದಿತ್ತು. ಅಣ್ಣನದೂ ಒಂದು.

ಒಂದು ರಾತ್ರಿ ಅವನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಜೊತೆಯಲ್ಲೇ ವಾಪಸ್ ಬರುವಾಗ, ಕಾರ್ಖಾನೆ ಹಿಂದಿನ ಹಾಳುಬಾವಿ ಹತ್ತಿರ, ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ತುರುಕಿದ.

ಢಮ್... ಸ್ಸ್ಸ್... ಢಮ್... ಸ್ಸ್ಸ್... ನಡುವೆ ಒಂದು ಮುದಿ ದನಿ: "ಕೈ?"

ಅದು ಅಣ್ಣನ ಕಾರ್ಖಾನೆಯಲ್ಲಿದ್ದ ಪ್ರೆಸ್ಸಜ್ಜನ ದನಿ. ಬದುಕಿದ್ದಾಗ ಅಣ್ಣ ಫೋನಿನಲ್ಲಿ ಹಿಡಿದಿಟ್ಟಿದ್ದು. ಆ ಅಜ್ಜ ಪ್ರೆಸ್ ಮೆಷಿನ್ನಿನ ಪೆಡಲ್ ತುಳಿಯುವ ಮೊದಲು ಪ್ರತಿ ಸಲ "ಕೈ?" ಅಂತ ಕೂಗುತ್ತಿದ್ದ. ತಗಡು ಇಡುವವನು "ಹೊರಗೆ" ಅನ್ನಬೇಕು. ಅನ್ನದಿದ್ದರೆ ತುಳಿಯುತ್ತಲೇ ಇರಲಿಲ್ಲ. ಎಲ್ಲರ ಕೈ ವಿಚಾರಿಸಿದ ಮುದುಕ, ಒಂದು ದಿನ ಸಿಕ್ಕಿಕೊಂಡ ತಗಡು ಬಿಡಿಸಲು ತಾನೇ ಕೈ ಹಾಕಿದ. ಯಾರೋ ಕೇಳದೆ ತುಳಿದರು. ಮೊಣಕೈವರೆಗೆ ಹೋಯ್ತು. ಹಸಿ ಕೋಲು ಮುರಿದಂಥ ಸದ್ದಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಅಜ್ಜ ಮುಗಿದಿದ್ದ.

ನಾನು ಪಿಸುಗುಟ್ಟಿದೆ, "ಉತ್ತರ ಎಲ್ಲೋ ಅಣ್ಣ?"

"ಕತ್ತರಿಸಿದೆ."

"ಯಾಕೆ?"

"ಕೇಳೋರಿಗೆ ಭಯ ಬರಲಿ ಅಂತ."

ಬಾವಿಯೊಳಗಿಂದ ಢಮ್ ಅಂತು. ಕಪ್ಪೆ ಹಾರಿರಬೇಕು ಅಂದ ಅಣ್ಣ. ಅಷ್ಟು ದಪ್ಪ ಕಪ್ಪೆ ಇರೋದಿಲ್ಲ, ನನಗೂ ಗೊತ್ತು...

ಆಲ್ಬಂ ಬಿಡುಗಡೆ ಒಂದು ನೆಲಮಾಳಿಗೆಯ ಗೋದಾಮಿನಲ್ಲಿ. ಕಪ್ಪು ಬಟ್ಟೆ ತೊಟ್ಟವರು ಒಬ್ಬರ ಮೇಲೊಬ್ಬರು ಬೀಳುತ್ತಾ ಕುಣಿಯುತ್ತಿದ್ದರು. ಅಣ್ಣನ ಹಾಡು ಬಂತು.

"ಕೈ?"

ಯಾರೂ ಉತ್ತರ ಕೊಡಲಿಲ್ಲ. ಢಮ್. ಸ್ಪೀಕರ್ ಮೇಲೆ ಕೈಯಿಟ್ಟಿದ್ದವನ ಮಣಿಕಟ್ಟು ಲಟಕ್ ಅಂತು. ಅವನ ಕಿರುಚಾಟವೂ ಹಾಡಿನದೇ ಅಂದುಕೊಂಡು ಜನ ಇನ್ನಷ್ಟು ಕುಣಿದರು.

"ಕೈ?"

ಢಮ್. ಗೋಡೆಗೆ ಅಂಗೈ ಊರಿ ನಿಂತಿದ್ದ ಹುಡುಗಿಯ ಕೈ ಅಲ್ಲೇ ಒಡೆಯಿತು. ಸುಣ್ಣದ ಮೇಲೆ ರಕ್ತ ಚಿಮ್ಮಿತು. ಆಗ ಜನ ಓಡಿದರು, ಬಿದ್ದವರನ್ನು ತುಳಿದುಕೊಂಡೇ.

ಅಣ್ಣ ಹಾಡು ನಿಲ್ಲಿಸಲು ಹೋದ. ಎಡಗೈ ಲ್ಯಾಪ್‌ಟಾಪಿದ್ದ ಮೇಜಿಗೆ ಅಂಟಿತು. ಮೇಲೆ ಏನೂ ಇಲ್ಲ... ಆದರೂ ಎತ್ತಲಾಗುತ್ತಿಲ್ಲ. ನಾನು ವಯರ್ ಕಿತ್ತೆ. ಹಾಡು ನಿಲ್ಲಲಿಲ್ಲ.

"ಎಳೆಯೋ... ಬೇಗ ಎಳೆಯೋ," ಅಂದ.

ಎಳೆದೆ. ಬರಲಿಲ್ಲ.

"ಕೈ?"

"ಹೊರಗೆ!" ಗಂಟಲು ಹರಿಯುವ ಹಾಗೆ ಕೂಗಿದೆ. ಸ್ಸ್ಸ್... ಅಂತ ನಿಂತಿತು. ಅಣ್ಣನ ಕೈ ಹೂವಿನ ಹಾಗೆ ಬಿಟ್ಟುಕೊಂಡಿತು.

...ಈ ಕೊನೆ ನಾನು ಕಟ್ಟಿದ್ದು. ಉಳಿದದ್ದೆಲ್ಲ ನಡೆದದ್ದೇ, ದೊಡ್ಡಮ್ಮನಾಣೆ. ನಾನು ಕೂಗಲೇ ಇಲ್ಲ. ಊರಿಗೆಲ್ಲ ಬಾಯಿ ಮಾಡುವವನಿಗೆ ಬೇಕಾದ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅಣ್ಣನ ಎರಡು ಬೆರಳು ಮೇಜಿನ ಮೇಲೇ ಉಳಿದವು, ತಗಡಿನಷ್ಟು ತೆಳ್ಳಗೆ. ನಂಬಿಕೆ ಬರದಿದ್ದರೆ ಬಂದು ಅವನ ಕೈ ನೋಡಿ.

ಮೊನ್ನೆ ಆಲ್ಬಂನ ಸಿ.ಡಿ. ಮನೆಗೆ ಬಂತು. ಆ ರಾತ್ರಿಗಿಂತ ಮೊದಲೇ ತಯಾರಾಗಿದ್ದು. ಹಗಲು ಹೊತ್ತಿನಲ್ಲೇ ಹಾಕಿದೆವು. "ಕೈ?" ಅಂತು. ಅದರ ಬೆನ್ನಿಗೇ, ಗಂಟಲು ಹರಿಯುವ ಹಾಗೆ, "ಹೊರಗೆ!"

ಅಣ್ಣ ನನ್ನ ಮುಖ ನೋಡಿದ. ಈರುಳ್ಳಿ ಹೆಚ್ಚುತ್ತಿದ್ದ ದೊಡ್ಡಮ್ಮ ತಲೆಯೆತ್ತದೆ ಕೇಳಿದರು, "ನೀನೂ ಹಾಡಿದ್ದೀಯೇನೋ ಇದರಲ್ಲಿ?"