ಹನ್ನೊಂದನೇ ಮಳಿಗೆಯ ಕಿಟಕಿ

ಕೆಳಗೆ ಅಂಗಡಿ, ಮೇಲೆ ಮನೆಗಳಿರುವ ಹೊಸ ಕಟ್ಟಡದ ಬಾಡಿಗೆ ಕಚೇರಿಯಲ್ಲಿ ನಾನು ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಇಬ್ಬರು ಮಳಿಗೆಗಳ ನಕ್ಷೆಯನ್ನು ಮಂಡಿಯ ಮೇಲೆ ಹರಡಿಕೊಂಡಿದ್ದರು.

“ಮುಂದಿನ ಸಾಲಲ್ಲೇ ಕೊಡ್ತೀವಿ ಅಂತಾರೆ. ನಿನಗೆ ಹಿಂದಿನ ಹನ್ನೊಂದೇ ಬೇಕಾ? ತಲೆ ನೆಟ್ಟಗಿದೆಯೇನೇ?”

“ಹನ್ನೊಂದಕ್ಕೆ ದೊಡ್ಡ ಕಿಟಕಿ ಇದೆ, ಅಕ್ಕ.”

“ಕಿಟಕಿ ನೋಡೋಕೆ ಯಾರು ಬರ್ತಾರೆ?”

“ಹರಿದ ಕೋಟಿಗೆ ದಾರ ಹೊಂದಿಸೋಕೆ ಹಗಲು ಬೆಳಕು ಬೇಕು. ಮುಂದಿನ ಸಾಲಲ್ಲಿ ಗಾಜಿದ್ರೂ ಚಾವಣಿ ನೆರಳು, ಬರೀ ಟ್ಯೂಬ್‌ಲೈಟು. ಅದರಡಿ ಕಪ್ಪೂ ಒಂದೇ, ಕಡುನೀಲಿನೂ ಒಂದೇ.”

“ಓಹೋ, ನಿನ್ನ ಭಾವನ ಕರಿ ಪ್ಯಾಂಟಿಗೆ ನೀಲಿ ದಾರ ಬಿದ್ದಿದ್ದು ಅದಕ್ಕೇನಾ?”

“ಅದು ನಿನ್ನ ಅಡುಗೆಮನೆ ಬಲ್ಬಿನಡಿ ಹೊಲಿದದ್ದು.”

“ಬೇಕರಿಯವರೂ ಹನ್ನೊಂದನ್ನೇ ಕೇಳಿದ್ದಾರಂತೆ.”

“ಒಲೆ ಇಡೋಕೆ ಅವರು ಆ ಕಿಟಕಿನೇ ಮುಚ್ಚಿಸ್ತಾರೆ.”

“ಅಷ್ಟು ಹಿಂದೆ ಕೂತ್ರೆ ಗಿರಾಕಿಗೆ ಕಾಣಿಸ್ತೀಯಾ?”

“ಮೇಲೆ ನೂರಿಪ್ಪತ್ತು ಮನೆ. ಮೆಟ್ಟಿಲು ಇಳಿಯೋದು ಹನ್ನೊಂದರ ಎದುರಿಗೇ. ಅಷ್ಟು ಮನೇಲಿ ದಿನಕ್ಕೊಂದು ಗುಂಡಿ ಕಿತ್ತು ಬರಲ್ವಾ?”

ಒಳಗಿನಿಂದ ಗುಮಾಸ್ತ ಕೂಗಿದ: “ಬಟ್ಟೆ ಅಂಗಡಿಯವರು ಬನ್ನಿ.”

“ಬಟ್ಟೆ ಅಂಗಡಿನಾ? ಅರ್ಜೀಲಿ ಏನಂತ ಬರೆದೆ?”

“‘ಬಟ್ಟೆ ಕೆಲಸ’ ಅಂತ.”

“ಕರ್ಮ. ಸೀರೆ ಮಾರೋಳು ಅಂದ್ಕೊಂಡು ಗಾಜಿನ ಮುಂಗಟ್ಟು ಕೊಡೋಕೆ ಹೊರಟಿದ್ದಾರೆ.”

“ತಿದ್ದಿಸ್ತೀನಿ. ಮಾರೋಳಲ್ಲ, ಹರಿದದ್ದು ಹೊಲಿಯೋಳು ಅಂತ ಬರೆಸ್ತೀನಿ. ಹನ್ನೊಂದು ಕೊಡೋ ತನಕ ಕುರ್ಚಿ ಬಿಟ್ಟು ಏಳಲ್ಲ.”

ಅಕ್ಕ ನಕ್ಷೆ ಮಡಚಿ ಎದ್ದಳು.

“ಹಾಗಾದ್ರೆ ನನಗೂ ಒಂದು ಕುರ್ಚಿ ಹಾಕಿಸು.”

ಇಬ್ಬರೂ ಒಳಗೆ ಹೋದರು.