ಬಾಯಿ ತೆರೆದದ್ದು ಬೆಲ್ಲಕ್ಕಲ್ಲ

ವೇದಿಕೆಯ ಮೇಲಿರುವ ಸರಪಂಚರೇ, ಇಂದಿನ ಸನ್ಮಾನಕ್ಕೆ ಪಾತ್ರರಾದ ನಮ್ಮೂರ ತಂಟಾಮುಕ್ತಿ ಸಮಿತಿಯ ಅಧ್ಯಕ್ಷ ಮುರಗೆಪ್ಪ ಕಾಕಾ ಅವರೇ, ದನ ಕುರಿ ಬಿಟ್ಟು ಇಷ್ಟು ದೂರ ಬಂದ ಅಣ್ಣತಮ್ಮಂದಿರೇ, ಅವ್ವಂದಿರೇ, ಸಭಿಕರೇ,

ಊರಿನ ಜಗಳವನ್ನು ಕೋರ್ಟಿಗೆ ಬಿಡದೆ ಊರಲ್ಲೇ ಮುಗಿಸುವ ಸಮಿತಿ ಇದು. ಜಗಳ ಬಿಡಿಸುವಾಗ ಕಾಕಾ ಹೇಳುತ್ತ ಬಂದ ಬದುಕಿನ ನುಡಿಗಳನ್ನೆಲ್ಲ ಕೂಡಿಸಿ ಒಂದು ಪುಸ್ತಿಕೆ ಅಚ್ಚು ಹಾಕಿದ್ದಾರೆ. 'ಬೀರೂ, ನೀ ಓದಾಂವ ಅದಿ, ಅದರ ಮ್ಯಾಲ ಎರಡು ಚಲೋ ಮಾತ ಆಡು' ಎಂದು ಸಮಿತಿಯವರು ನನ್ನನ್ನು ಕರೆದರು. ಪುಸ್ತಿಕೆಯನ್ನು ಓದಿದ್ದೇನೆ. ಓದಿದ್ದಕ್ಕೇ ಸಿಟ್ಟು ಬಂದಿದೆ.

ಇನ್ನೊಬ್ಬರ ಮಾತಿನಲ್ಲಿ ಅರ್ಥ ಹುಡುಕುವುದು ನನಗೂ ಚಟ. ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಯಾರು ಕರಪತ್ರ ಕೊಟ್ಟರೂ ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳುತ್ತೇನೆ. ಕುರಿ ಮೇಯಿಸುತ್ತ ಓದುತ್ತೇನೆ. ಕೆಲವನ್ನು ಕುರಿಗಳೇ ತಿಂದಿವೆ. ಅವಕ್ಕೆ ಎಷ್ಟು ಅರ್ಥವಾಯಿತೋ ತಿಳಿಯದು.

ಪುಸ್ತಿಕೆಯ ಮೊದಲ ಪುಟದಲ್ಲೇ 'ತಾಳಿದವರು ಬಾಳಿಯಾರು' ಎಂದಿದೆ. ಒಳ್ಳೆಯ ಮಾತು. ನಾನು ಕೇಳುವುದು ಇಷ್ಟೇ. ತಾಳಬೇಕಾದವರು ಯಾರು? ಬಾಳುವವರು ಯಾರು?

ನಿಮಗೆಲ್ಲ ಗೊತ್ತಿರುವ ಸಂಗತಿಯನ್ನೇ ಹೇಳುತ್ತೇನೆ. ಗೊತ್ತಿದ್ದೂ ಯಾರೂ ಹೇಳುತ್ತಿಲ್ಲವಲ್ಲ, ಅದಕ್ಕೆ. ನನ್ನ ಅಕ್ಕ ನಂದಾ ಎಡಗೈ ಮುರಿದು ತವರಿಗೆ ಬಂದಳು. ಮುರಿದವನು ಅವಳ ಗಂಡ. ಹೋದ ವಾರ ಇದೇ ಜಾಗದಲ್ಲಿ ಸಮಿತಿ ಕೂತಿತು. ಗಂಡ ಕುರ್ಚಿಯಲ್ಲಿದ್ದ. ಪ್ಲಾಸ್ಟರಿನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಅಕ್ಕ ನಿಂತಿದ್ದಳು. ಕಾಕಾ ಅಂದರು: 'ನಂದಾ, ಮಗಳ, ಹೆಣ್ಣಮಕ್ಕಳ ಬಾಳೇವು ಅಂದ್ರ ಬೀಸೂಕಲ್ಲಿದ್ದಂಗ. ಸಪ್ಪಳಾನೂ ಆಗ್ತೈತಿ, ಹಿಟ್ಟೂ ಬರ್ತೈತಿ. ತಾಳಿದವರು ಬಾಳ್ಯಾರು.' ಎಲ್ಲರೂ ತಲೆದೂಗಿದರು. ನಾನೂ ಅಲ್ಲೇ ಇದ್ದೆ, ಚಹಾದ ತಾಟು ಹಿಡಿದುಕೊಂಡು.

ರಾಜಿಯಾದರೆ ಎರಡೂ ಕಡೆಯವರ ಬಾಯಿಗೆ ಬೆಲ್ಲ ಹಾಕುವುದು ನಮ್ಮೂರ ಪದ್ಧತಿ. ಬೆಲ್ಲ ತಿಂದವರು ಒಪ್ಪಿದಂತೆ. ಅಕ್ಕ 'ಕಾಕಾ, ನನ್ನದೊಂದ ಮಾತ' ಎನ್ನಲು ಬಾಯಿ ತೆರೆದಳು. ತೆರೆದ ಬಾಯಿಗೆ ಬೆಲ್ಲ ಬಿತ್ತು. ಚಪ್ಪಾಳೆಯೂ ಬಿತ್ತು. ತಂಟೆ ಮುಗಿಯಿತು. ಹಿರಿಯರೇ, ಅವಳು ಬಾಯಿ ತೆರೆದದ್ದು ಬೆಲ್ಲಕ್ಕಲ್ಲ, ಮಾತಿಗೆ.

ಮನೆ ಮುಟ್ಟುವವರೆಗೂ ಅವಳು ಅದನ್ನು ನುಂಗಲಿಲ್ಲ. ದವಡೆಯಲ್ಲಿಟ್ಟುಕೊಂಡು ಬಂದು ಅಂಗಳದಲ್ಲಿ ಉಗುಳಿದಳು. ನಮ್ಮವ್ವ ಹಾಲವ್ವ ಅಳತೊಡಗಿದಳು. ಏನಾದರೂ ಸಮಾಧಾನ ಹೇಳಬೇಕೆಂದು ನಾನು ಕಿಸೆಯಿಂದ ಒಂದು ಕರಪತ್ರ ತೆಗೆದು ಓದಿದೆ. ಕತ್ತಲೆಯ ನಂತರ ಬೆಳಕು ಬಂದೇ ಬರುತ್ತದೆ ಎಂದಿತ್ತು. ಅಕ್ಕ ಅಂದಳು: 'ಹೌದೇನ? ಹಿಂಗಂದಾಂವ ಬಂದು ನಮ್ಮತ್ತಿ ಮನ್ಯಾಗ ನಾಕ ದಿನ ಇದ್ದು ಹೋಗಲಿ. ಆಮ್ಯಾಲೂ ಇದನ್ನ ಅಂದ್ರ ಕೇಳತೀನಿ.'

ಮಾತನ್ನು ಅಳೆಯುವ ಇಂಥ ಕೋಲು ನನಗೆ ಯಾವ ಕರಪತ್ರದಲ್ಲೂ ಸಿಕ್ಕಿರಲಿಲ್ಲ. ಇನ್ನೊಬ್ಬರ ಮಾತು ನಮಗೆ ಬೇಡವೇ? ಬೇಕು. ಒಬ್ಬರೇ ಬದುಕಿ ಎಲ್ಲವನ್ನೂ ತಿಳಿಯಲಾಗದು. ಆದರೆ ತಾನು ತಾಳಿದವನು 'ತಾಳು' ಎಂದರೆ ಅದರಲ್ಲಿ ಧೈರ್ಯವಿದೆ. ಹೊಡೆತ ತಿನ್ನದವನು ತಿಂದವಳಿಗೆ 'ತಾಳು' ಎಂದರೆ ಅದು ಇನ್ನೊಂದು ಹೊಡೆತ.

ನಮ್ಮೂರಲ್ಲಿ ತಂಟೆಯೇ ಇಲ್ಲವೆಂದು ಇಂದು ಶಾಲು ಹೊದಿಸಿದಿರಿ. ತಂಟೆ ಇಲ್ಲವೋ, ಅದನ್ನು ಹೇಳುವವರಿಗೆ ಬಾಯಿ ಬಿಡಲು ಬಿಟ್ಟಿಲ್ಲವೋ? ಮುರಗೆಪ್ಪ ಕಾಕಾ, ನೀವು ಕೆಟ್ಟವರಲ್ಲ. ಸಣ್ಣವನಿದ್ದಾಗ ನನಗೆ ಜ್ವರ ಏರಿದಾಗ ಹೆಗಲ ಮೇಲೆ ಹೊತ್ತು ದವಾಖಾನೆಗೆ ಒಯ್ದವರು ನೀವೇ. ಅಂದು ನೀವು ನನಗೆ ತಾಳು ಎನ್ನಲಿಲ್ಲ. ಓಡಿದಿರಿ.

ನಾಳೆ ಬೆಳಿಗ್ಗೆ ಅಕ್ಕನನ್ನು ಗಂಡನ ಮನೆಗೆ ಕರೆದೊಯ್ಯಲು ಜೀಪು ಬರಲಿದೆ. ನಾನು ಅವಳನ್ನು ಕಳಿಸುವುದಿಲ್ಲ ಎಂದು ಈ ಭಾಷಣದಲ್ಲಿ ಬರೆದಿದ್ದೆ. ಅವಳು ಓದಿಸಿ ಕೇಳಿ ಆ ಸಾಲನ್ನು ಹೊಡೆದು ಹಾಕಿಸಿದಳು. 'ನೀ ಏನ ಕಳಸತಿ, ಬಿಡತಿ? ನಾ ಹೋಗಂಗಿಲ್ಲ ಅಂತ ಬರಿ' ಅಂದಳು. ಬರೆದಿದ್ದೇನೆ. ಅವಳು ಹೋಗುವುದಿಲ್ಲ.

ಯಾಕೆ ಹೋಗುವುದಿಲ್ಲ ಎನ್ನುವುದು ನಾನು ಹೇಳುವ ಮಾತಲ್ಲ. ಹೋದ ವಾರ ನಿಮ್ಮೆದುರು ಅರ್ಧಕ್ಕೆ ನಿಂತ ಮಾತು ಅದು. ಅವಳು ಅಲ್ಲಿ ಕಂಬದ ಹತ್ತಿರ ಕುಳಿತಿದ್ದಾಳೆ. ನನಗೆ ಕೊಟ್ಟ ಸಮಯದಲ್ಲಿ ಉಳಿದದ್ದು ಅವಳದು. ಭಾಷಣ ಕೇಳಿದವರಿಗೆ ಕೊನೆಯಲ್ಲಿ ಕೃತಜ್ಞತೆ ಹೇಳುವುದು ರೂಢಿ. ನೀವು ಇನ್ನೂ ಕೇಳಬೇಕಾಗಿದೆ, ಆದ್ದರಿಂದ ಮುಂಚೆಯೇ ಹೇಳುತ್ತಿದ್ದೇನೆ, ಧನ್ಯವಾದ.

ಅಕ್ಕಾ, ಮ್ಯಾಲ ಬಾ. ಮೈಕ್ ಚಾಲೂ ಐತಿ.