ವಿಜಯಮಹಾಂತೇಶನ ಕಂಪ್ಯೂಟರು

…ಇಲ್ಲ ಇಲ್ಲ, ಈ ಕಂಪ್ಯೂಟರ್ ನಂದಲ್ಲ ಚಾಚಾ! ನಂದ್ಯಾಕ ಆಕ್ಕೈತಿ? ನಮ್ಮ ಓಣ್ಯಾಗ ವಿಜಯಮಹಾಂತೇಶ ಅಂತ ಒಬ್ಬ ಹುಡುಗ ಅದಾನ, ಅವಂದು. ಅವಂಗ ಭಾಳ ನಾಚಿಕಿ. ರಿಪೇರಿ ಅಂಗಡಿಗೆ ಬಂದು ಮಾತಾಡಂದ್ರ ಕಿವಿ ಕೆಂಪಗಾಕ್ಕಾವ. ಅದಕ್ಕ ನನ್ನ ಕಳಿಸ್ಯಾನ. ಬ್ಯಾಡಗಿಯಿಂದ ಇಲ್ಲಿ ರಾಣೇಬೆನ್ನೂರ ತನಕ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡ ಬಂದೇನಿ. ಚೀಲದಾಗ ಏನೈತಿ ತಂಗಿ ಅಂದ ಕಂಡಕ್ಟರ್. ಮೆಣಸಿನಕಾಯಿ ಅಂದ್ನಿ. ಇದ್ಯಾವ ಮೆಣಸಿನಕಾಯಿ, ಮೂಲಿ ಮೂಲಿ ಚುಚ್ಚತಾವಲ್ಲ, ಅಂದ!

ಹೂಂ, ಬಿಚ್ಚರಿ. ನೀವು ಮಾತಾಡಬ್ಯಾಡ್ರಿ, ಬಾಯಾಗ ಸ್ಕ್ರೂ ಹಿಡ್ಕೊಂಡೀರಿ, ನುಂಗಿಬಿಟ್ರ ಕಷ್ಟ. ನಾನ ಹೇಳ್ತೇನಿ. ಖರೇ ಹೇಳಬೇಕಂದ್ರ ನಾ ಯಾರ ಮುಂದನೂ ಇಷ್ಟ ಮಾತಾಡಾಕಿ ಅಲ್ಲ. ಇದನ್ನಂತೂ ಇನ್ನೂ ಯಾರ ಮುಂದೂ ಹೇಳಿಲ್ಲ… ಅಂದ್ರ, ಅಂವ ಹೇಳಿಲ್ಲ.

ಅವಂಗ ಒಂದ ಹುಚ್ಚು. ಕಾರ್ ರೇಸಿನ ಆಟ. ಲೈಬ್ರರಿಯಾಗ ಕುಂತು ಕಂಪ್ಯೂಟರ್ ಪುಸ್ತಕ ಓದಿ ಓದಿ, ಇತಿಹಾಸದ ನೋಟಬುಕ್ಕಿನ ಹಿಂದಿನ ಹಾಳಿ ತುಂಬ ಲಿಸ್ಟ ಮಾಡಿದ. ಬರಿಯೂದು, ಕಾಟ ಹೊಡಿಯೂದು, ಮತ್ತ ಬರಿಯೂದು. ಗ್ರಾಫಿಕ್ಸ್ ಕಾರ್ಡ್ ಬೇಕಂದ್ರ ಪ್ರೊಸೆಸರ್ ಸಣ್ಣದ ಆಕ್ಕೈತಿ. ಪ್ರೊಸೆಸರ್ ದೊಡ್ಡದ ತಗೊಂಡ್ರ ಮಾನಿಟರಿಗೆ ರೊಕ್ಕ ಇಲ್ಲ. ಮಾನಿಟರ್ ಇಲ್ದ ಆಟ ಹೆಂಗ ಆಡೂದ್ರಿ, ಕಿವಿಲೆ ಕೇಳಿ ಆಡೂದೇನು? ಕಡೀಕ ಮುಚ್ಚಿದ ಸೈಬರ್ ಕೆಫೆದ್ದೊಂದು ಹಳೇ ಮಾನಿಟರ್ ಸಿಕ್ತು. ಮ್ಯಾಲಿನ ಮೂಲ್ಯಾಗ ಹಸರ ಬಣ್ಣದ ಕಲಿ ಬಿದ್ದೈತಿ. ಇರ್ಲಿ ಬಿಡ್ರಿ, ಆಟದಾಗ ಅಲ್ಲಿ ಗಿಡಾನ ಬರ್ತಾವ.

ಆದ್ರ ಮನ್ಯಾಗ ಆಟಕ್ಕ ಅಂದ್ರ ಕೊಡಸ್ತಾರೇನು? ಅವರಪ್ಪಂದು ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡಿ ಲೆಕ್ಕಕ್ಕ ಅಂತ ಹೇಳಿದ. ಲಿಸ್ಟ ಓದಕೋತ ಓದಕೋತ ಅವರಪ್ಪ ಒಂದಕಡೆ ಬೆರಳ ಇಟ್ರು. 'ಈ ಗ್ರಾಫಿಕ್ಸ್ ಕಾರ್ಡ್ ಅಂದ್ರೇನು? ಲೆಕ್ಕಕ್ಕ ಇದ್ಯಾಕ ಬೇಕು?' 'ಅದನ್ನ ಹಾಕಿದ್ರ… ಬಣ್ಣ ಚಲೋ ಬರ್ತೈತಿ ಅಪ್ಪಾಜಿ' ಅಂದ.

ಆತು! ಬ್ಯಾಡಗಿ ಮಂದಿ ಚಾಚಾ! ಬಣ್ಣ ಅಂದ್ರ ಮುಗೀತು. 'ಹಂಗಿದ್ರ ಮದ್ಲ ಅದನ್ನ ತಗೋ, ಉಳದದ್ದ ಆಮ್ಯಾಲ. ಬಣ್ಣ ಇಲ್ದ ಮಾಲ ಯಾರ ಕೇಳ್ತಾರ?' ಅಂದ್ರು.

ನಗಬ್ಯಾಡ್ರಿ, ಸ್ಕ್ರೂ ಬೀಳ್ತಾವ!

ಹಾವೇರ್ಯಾಗ ಪವರ್ ಸಪ್ಲೈ ತಗೊಳ್ಳುವಾಗಂತೂ ಕೇಳಬ್ಯಾಡ್ರಿ. ಅಪ್ಪಾಜಿ ಒಂದೊಂದ ಡಬ್ಬಿ ಕಿವಿ ಹತ್ರ ಹಿಡದು ಅಳ್ಳಾಡಿಸಿದ್ರು. ಒಣಗಿದ ಕಾಯಾಗ ಬೀಜ ಗಿಲಗಿಲ ಅಂತಾವೋ ಇಲ್ಲೋ ನೋಡ್ತಾರಲ್ಲ, ಹಂಗ. ಒಂದು ಗಿಲಗಿಲ ಅಂತು, ಒಳಗ ಏನೋ ಕಳಚಿತ್ತು. 'ಇದು ಒಣಗೈತಿ, ಇದನ್ನ ಕೊಡ್ರಿ' ಅಂದ್ರು! ಅಯ್ಯ, ಬ್ಯಾಡಂತ ಅಂಗಿ ಹಿಡದ ಜಗ್ಗಿದ ಮ್ಯಾಲ ಒಂದೊಂದ ಕೈಯಾಗ ತೂಗಿ, ಎಲ್ಲಾಕ್ಕಿಂತ ಭಾರ ಇದ್ದದ್ದ ಆರಿಸಿದ್ರು. ಅದ ಬರೋಬ್ಬರಿ ಆತ್ರಿ! ಭಾರ ಇದ್ದದ್ದ ಚಲೋ ಅಂತ ಪುಸ್ತಕದಾಗೂ ಐತಿ. ಪುಸ್ತಕ ಓದಿದವ್ರು ಸುಮ್ನ ಬಾಯಿ ತಕ್ಕೊಂಡ ನೋಡಿದ್ವಿ… ನೋಡಿದ್ರಂತ.

ಗ್ರಾಫಿಕ್ಸ್ ಕಾರ್ಡ್ ಮಾತ್ರ ನಿಮ್ಮ ಅಂಗಡಿದು. ಅವನ ಸ್ವಾದರಮಾವ ಮೈಲಾರೆಪ್ಪ ಚೀಟಿ ತಂದು ಒಯ್ದಿದ್ದ ನೋಡ್ರಿ, ಅದ. ವಾರಂಟಿ ಐತಿ, ಬಿಲ್ಲೂ ತಂದೇನಿ. ಈಗ ಸತ್ತೈತಿ. ತಂತಾನ ಸತ್ತೈತಿ ಚಾಚಾ, ಯಾರೂ ಏನೂ ಮಾಡಿಲ್ಲ. ಬದಲಿ ಕಾರ್ಡ್ ಕೊಟ್ಟಬಿಡ್ರಿ, ನಾ ಸಂಜಿ ಬಸ್ಸಿಗೆ ಹೋಗಿಬಿಡ್ತೇನಿ.

…ಏನದು ನಿಮ್ಮ ಬೆರಳಿಗೆ? ಬೀಜ? ಮೆಣಸಿನ ಬೀಜ ಇರಬೇಕು. ಚೀಲದಾಗಿಂದು… ಒಳಗ ಹೆಂಗ ಹೋತಂದ್ರ… ಅಯ್ಯ, ಸೀನಬ್ಯಾಡ್ರಿ! ಸ್ಕ್ರೂ! ತಡೀರಿ, ನಾ ಹುಡುಕತೇನಿ… ಹಾಂ, ತಗೋರಿ.

ಕಾರ್ಡಿನ ಮ್ಯಾಲ ಯಾಕ ಬೆರಳ ಇಟ್ಟು ತೋರಸಾಕತ್ತೀರಿ? ನೀರಿನ ಕಲಿ? ನೀರ ಎಲ್ಲಿಂದ ಬರ್ತಾವ್ರಿ… ಹಂಗ ನೋಡಬ್ಯಾಡ್ರಿ ಚಾಚಾ. ಹೇಳ್ತೇನಿ.

ಬ್ಯಾಸಗಿ ಅಲ್ರಿ? ಆಟ ಹಚ್ಚಿ ಅರ್ಧ ತಾಸಾತಂದ್ರ ಡಬ್ಬಿ ಕಾದ ಹಂಚು. ಗೆಲ್ಲೂ ಹೊತ್ತಿಗೆ ಕಾರ್ ನಿಂತಬಿಡೂದು. ಅಂವ ವಿಚಾರ ಮಾಡಿದ. ಊರ ಮೆಣಸಿನಕಾಯೆಲ್ಲಾ ಬ್ಯಾಸಗ್ಯಾಗ ಎಲ್ಲಿರ್ತಾವ? ಕೋಲ್ಡ್ ಸ್ಟೋರೇಜಿನ್ಯಾಗ. ವರ್ಷಗಟ್ಟಲೆ ಇಟ್ರೂ ಬಣ್ಣ ಹೋಗಂಗಿಲ್ಲ. ಕಾಯಿಗೆ ಆದದ್ದು ಕಾರ್ಡಿಗೆ ಯಾಕ ಆಗಬಾರ್ದು? ಮೈಲಾರೆಪ್ಪಮಾವ ಅಲ್ಲೇ ಕೆಲಸಕ್ಕ ಇರ್ತಾನ. ಎರಡ ದಿನ ತಂಪ ಹಿಡಿಲಿ ಬಿಡು ಮಾವಾ ಅಂದ್ರ, ಪಾಪ, ಇಡೀ ಡಬ್ಬಿಗೆ ಲಾಟ್ ನಂಬರ್ ಬರದು ಎರಡ ಮೆಣಸಿನಕಾಯಿ ಚೀಲದ ನಡಕ ಇಟ್ಟ.

ಹೊರಗ ತಂದದ್ದು ಉರಿಬಿಸಲಾಗ. ಸೋಡಾ ಬಾಟ್ಲಿ ಬೆವರ್ತೈತಲ್ಲ, ಹಂಗ ಬೆವರಿತ್ತು. ಅರಿವಿಲೆ ಒರಸಿದ್ನಿ… ಒರಸಿದ. ಹೊರಗ ಅಷ್ಟ. ಒಳಗೂ ಬೆವರ್ತೈತಂತ ಯಾರಿಗ ಗೊತ್ತು? ಸ್ವಿಚ್ ಹಾಕಿದ. ಫ್ಯಾನ್ ತಿರುಗಿತು ನೋಡ್ರಿ, ಮನಿ ತುಂಬ ಖಾರದ ಘಾಟು! ಅವರವ್ವ ಕೆಮ್ಮಕೋತ ಬಂದು, 'ಯಾರ ಹಾಕಿದ್ರು ಒಗ್ಗರಣಿ?' ಅಂದ್ಳು. ಆಮ್ಯಾಲ ಟಪ್ ಅಂತು. ಮುಗೀತು.

ತಲಿ ಅಳ್ಳಾಡಸ್ತೀರಿ. ಗೊತ್ತೈತ್ರಿ, ಇದಕ್ಕ ವಾರಂಟಿ ಇಲ್ಲ. ಬದಲಿ ಬ್ಯಾಡ ಬಿಡ್ರಿ. ಹೆಂಗರ ಮಾಡಿ ಒಣಗಿಸಿ ಚಾಲೂ ಮಾಡಿ ಕೊಡ್ರಿ, ಅಷ್ಟ ಸಾಕು. ಇಲ್ಲಂದ್ರ ಅವರಪ್ಪ, ಈ ಡಬ್ಬಿ ಕೊಟ್ಟು ಹೊಲಿಗಿ ಮಷಿನ್ ತರ್ತೇನಿ, ರಜಾದಾಗ ಜಂಪರ್-ಬ್ಲೌಸ್ ಹೊಲಿಯೂದರ ಕಲೀಲಿ, ಅಂದಾರ.

…ಯಾಕ ಚಾಚಾ? ಸ್ಕ್ರೂ ಎಲ್ಲಾ ಬಾಯಾಗಿಂದ ತಗದ ಇಟ್ರಿ. ಏನರ ಅಂತೀರೇನು?

ಗಂಡಹುಡುಗ್ರೂ ಹೊಲೀತಾರಲ್ರಿ! ಸ್ಟೇಶನ್ ರೋಡಿನ್ಯಾಗ ಮಲಂಗಸಾಬ ಟೇಲರ್ ಇಲ್ಲೇನು? ಎಷ್ಟುದ್ದ ಮೀಸಿ ಅದಾವ! ಅವರೂ ಜಂಪರ್ ಹೊಲೀತಾರ. ವಿಜಯಮಹಾಂತೇಶಗೂ… ಅಂದ್ರ, ಅವರಪ್ಪಗ ಏನಂದ್ರ…

ಏನರ ಮಾತಾಡ್ರಿ ಚಾಚಾ. ಈಗ ಬಾಯಾಗ ಸ್ಕ್ರೂನೂ ಇಲ್ಲ.

…ಅದೇನು, ರಿಪೇರಿ ಬುಕ್ಕಾ? ಇಟ್ಕೋತೀರಾ ಹಂಗಾರ? ಒಣಗಸ್ತೀರಾ? ಯಪ್ಪಾ, ಜೀವ ಬಂತು! ಹೂಂ, ಹೆಸರು. ಬರೀರಿ. ವಿಜಯ…

ಬರೀರಲ್ಲ. ಪೆನ್ನ ಯಾಕ ಹಂಗ ಎತ್ತಿ ಹಿಡ್ಕೊಂಡ ಕುಂತೀರಿ?

ಚಾಚಾ…

…ಸುಶ್ಮಿತಾ. ಸುಶ್ಮಿತಾ ಅಂತ ಬರೀರಿ. ನಮ್ಮ ಓಣ್ಯಾಗ ವಿಜಯಮಹಾಂತೇಶ ಅಂತ ಯಾರೂ ಇಲ್ಲ. ಭಾಳ ನಾಚಿಕಿ ಅಂತ ಹೇಳಿದ್ನಲ್ಲ, ಅದೊಂದ ಖರೇ.